ಮಾತಾಡೋಕೆ ಬಂದರೆ ಸಾಕಾ?

ಪ್ರಶ್ನೆ ಕೇಳಿದ್ದು ನನ್ನ ತಂಗಿಯನ್ನು. ಉತ್ತರ ಕೊಟ್ಟಿದ್ದು ಅವಳ ಗಂಡ.

ಮೊನ್ನೆ ಮಂಗಳವಾರ ಇಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನ ಕೌನ್ಸೆಲರ್, ಅಂದರೆ ಯಾವ ಕ್ಲಾಸು ಸೇರಬೇಕು ಅಂತ ಸಲಹೆ ಕೊಡುವವರ ಮುಂದೆ ನಾವು ಮೂವರೂ ಕೂತಿದ್ದೆವು. ತಂಗಿಯನ್ನು ಇಎಸ್‌ಎಲ್ ಕ್ಲಾಸಿಗೆ, ಅಂದರೆ ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಕಲಿಸುವ ಕ್ಲಾಸಿಗೆ ಸೇರಿಸಬೇಕಿತ್ತು. ಕೌನ್ಸೆಲರ್ ಸ್ವಲ್ಪ ವಯಸ್ಸಾದ ಹೆಂಗಸು. ಕನ್ನಡಕವನ್ನು ತಲೆ ಮೇಲೆ ಏರಿಸಿಕೊಂಡು, ತಂಗಿಯ ಮುಖ ನೋಡಿ, "ಇಂಗ್ಲಿಷ್ ಕಲಿತು ನೀವೇನು ಮಾಡಬೇಕು ಅಂತಿದೀರಿ?" ಅಂತ ನಿಧಾನವಾಗಿ ಕೇಳಿದರು. ತಂಗಿ ಬಾಯಿ ತೆರೆಯುವಷ್ಟರಲ್ಲಿ ಗಂಡ ಹೇಳಿಬಿಟ್ಟ. ಅಂಗಡಿ, ಡಾಕ್ಟರು, ಮಗನ ಸ್ಕೂಲು, ಇಷ್ಟಕ್ಕೆ ಮಾತಾಡೋಕೆ ಬಂದರೆ ಸಾಕು, ಬೇಸಿಕ್ ಇದ್ದರೆ ಆಯ್ತು ಅಂತ.

ಆಕೆ ಅವನ ಕಡೆ ತಿರುಗಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ಪ್ರಶ್ನೆಯನ್ನು ತಂಗಿಗೇ ಮತ್ತೆ ಕೇಳಿದರು. ತಂಗಿ ಮಡಿಲಲ್ಲಿದ್ದ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಐ ಟೀಚರ್" ಅಂದಳು. "ಇಂಡಿಯಾ ಟೀಚರ್. ಹಿಯರ್ ಆಲ್ಸೋ ಟೀಚರ್."

ಮನೆಗೆ ಬಂದ ಮೇಲೂ ನನ್ನ ಕಿವಿಯಲ್ಲಿ ಅದೇ ಮಾತು. ಈ ಆಸೆ ಅವಳಿಗಿದೆ ಅಂತ ನಮ್ಮಿಬ್ಬರಿಗೂ ಅವಳು ಒಂದು ದಿನವೂ ಹೇಳಿರಲಿಲ್ಲ. ಪರಿಚಯವೇ ಇಲ್ಲದ ಒಬ್ಬ ಹೆಂಗಸು ಎರಡು ಸಲ ಕೇಳಿದ್ದಕ್ಕೆ ಹೇಳಿದಳು.

ಅವಳು ನಮ್ಮ ಚಿಕ್ಕಪ್ಪನ ಮಗಳು. ಹೊಸದುರ್ಗದ ಕಡೆಯವಳು. ಒಂದರಿಂದ ಪಿಯುಸಿವರೆಗೂ ಕನ್ನಡ ಮಾಧ್ಯಮ, ಆಮೇಲೆ ಡಿ.ಎಡ್. ಮದುವೆಗೆ ಮುಂಚೆ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ನಲಿ-ಕಲಿ ತರಗತಿ ಅವಳದು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಅಂಥ ಕೋಣೆಯನ್ನು ನಿಭಾಯಿಸಿದವಳು ಈಗ ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿ, ಮಗನ ಟೀಚರ್ ಫೋನ್ ಮಾಡಿದರೆ ಗಂಡನಿಗೆ ಕೊಟ್ಟುಬಿಡುತ್ತಾಳೆ.

ಗಂಡ ಕೆಟ್ಟವನಲ್ಲ. ಕೆಲಸದಲ್ಲಿ ಜಾಣ, ಮನೆ ಕಡೆ ನಿಗಾ ಇರುವವನು, ಅವತ್ತು ರಜೆ ಹಾಕಿ ಬಂದಿದ್ದ. ಆದರೆ ಹೆಂಡತಿಗೆ ಎಷ್ಟು ಇಂಗ್ಲಿಷ್ ಬೇಕು ಅನ್ನೋದನ್ನು ತಾನೇ ಅಳೆದು ಇಟ್ಟಿದ್ದ. ಇದು ಅವನೊಬ್ಬನ ಕಥೆಯಲ್ಲ. ಈ ಊರಿನ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ವೀಸಾ ಗಂಡನ ಹೆಸರಲ್ಲಿ, ಬ್ಯಾಂಕು ಗಂಡನ ಫೋನಿನಲ್ಲಿ. ಹಾಗೇ ಹೆಂಡತಿಯ ಆಸೆಗೂ ಅವನೇ ಸಹಿ ಹಾಕುತ್ತಾನೆ. ನನಗೆ ಇದು ಸಿಟ್ಟು ಬರಿಸುತ್ತದೆ.

ತಂಗಿಯಿಂದ "ಟೀಚರ್" ಅನ್ನುವ ಉತ್ತರ ಬಂದ ಕೂಡಲೇ ಕೌನ್ಸೆಲರ್ ಮಾಡಿದ ಕೆಲಸ ನೋಡಬೇಕಿತ್ತು. ಅಲ್ಲಿವರೆಗೂ ಮೇಜಿನ ಮೇಲೆ ಸಂಭಾಷಣೆ ಕ್ಲಾಸಿನ ಹಾಳೆ ಇತ್ತು. ಅದನ್ನು ತಿರುವಿ ಹಾಕಿ, ಖಾಲಿ ಬದಿಯಲ್ಲಿ ಪೆನ್ಸಿಲಿನಿಂದ ನಡುವೆ ಒಂದು ಗೆರೆ ಎಳೆದರು. ಎಡಗಡೆ ನಾನ್‌ಕ್ರೆಡಿಟ್, ಬಲಗಡೆ ಪದವಿಗೆ ಲೆಕ್ಕಕ್ಕೆ ಬರುವ ಕ್ರೆಡಿಟ್.

ಎಡಗಡೆಯದು ಪುಕ್ಕಟೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ನಾನ್‌ಕ್ರೆಡಿಟ್ ಕ್ಲಾಸಿಗೆ ಫೀಸ್ ಇಲ್ಲ. ಪದವಿಗೆ ಅದು ಲೆಕ್ಕಕ್ಕೆ ಬರೋದೂ ಇಲ್ಲ, ಅದೇ ಕ್ಲಾಸಿಗೆ ಮತ್ತೆ ಬಂದು ಕೂರಬಹುದು. ಸ್ಕೂಲ್ ಡಿಸ್ಟ್ರಿಕ್ಟ್‌ಗಳು ನಡೆಸುವ ಅಡಲ್ಟ್ ಸ್ಕೂಲುಗಳೂ ಹೆಚ್ಚು ಕಡಿಮೆ ಹೀಗೇ. ಇವು ಒಳ್ಳೆಯ ಕ್ಲಾಸುಗಳು. ಗ್ರೀನ್ ಕಾರ್ಡ್ ಇರುವ ನಮ್ಮ ಪರಿಚಯದ ಒಬ್ಬ ಅಜ್ಜಿ ಸಿಟಿಜನ್‌ಶಿಪ್ ಸಂದರ್ಶನಕ್ಕೆ ತಯಾರಾಗಿದ್ದೇ ಅಂಥ ಕ್ಲಾಸಿನಲ್ಲಿ. ಬಸ್ಸಿನಲ್ಲಿ ಪಕ್ಕದವರ ಜೊತೆ ನಾಲ್ಕು ಮಾತಾಡುವ ಧೈರ್ಯವನ್ನೂ ಅವರು ಅಲ್ಲೇ ಸಂಪಾದಿಸಿದರು.

ಬಲಗಡೆಯದು ಬೇರೆ ದಾರಿ. ಒಂದು ಯೂನಿಟ್‌ಗೆ (ಕ್ಲಾಸು ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕ ಅದು) 46 ಡಾಲರ್, ಅದೂ ಕ್ಯಾಲಿಫೋರ್ನಿಯಾದ ನಿವಾಸಿ ಅಂತ ತೋರಿಸಿದರೆ. ತಂಗಿಯ ಹಾಗೆ ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾದಲ್ಲಿ ಬಂದವರ ಸಂಗಾತಿಯಾಗಿ ಇರುವವರಿಗೂ, ಇಲ್ಲಿ ಒಂದು ವರ್ಷ ದಾಟಿ ದಾಖಲೆ ಸರಿಯಿದ್ದರೆ, ಆ ದರ ಸಿಗುತ್ತದೆ. ಇಲ್ಲದಿದ್ದರೆ ಫೀಸು ಎಷ್ಟೋ ಪಟ್ಟು ಜಾಸ್ತಿ. ಓದು, ಬರವಣಿಗೆ, ವ್ಯಾಕರಣ, ಎಲ್ಲಕ್ಕೂ ಹೋಂವರ್ಕ್, ಗ್ರೇಡ್. ಹಂತ ಹಂತವಾಗಿ ಮೇಲೆ ಹೋದರೆ ಕೊನೆಗೆ ಕಾಲೇಜಿನ ಎಲ್ಲ ಮಕ್ಕಳೂ ಓದುವ ಇಂಗ್ಲಿಷ್ ಕ್ಲಾಸು ಸಿಗುತ್ತದೆ. 2017ರಲ್ಲಿ ಇಲ್ಲಿ ಎಬಿ 705 ಅಂತ ಒಂದು ಕಾನೂನು ಬಂತು. ಪದವಿ ಓದಬೇಕೆಂದು ಇಎಸ್‌ಎಲ್ ಸೇರಿದವರು ಮೂರು ವರ್ಷದೊಳಗೆ ಆ ಕ್ಲಾಸನ್ನು ಮುಗಿಸುವ ಹಾಗೆ ಕಾಲೇಜುಗಳು ದಾರಿ ಮಾಡಿಕೊಡಬೇಕು ಅನ್ನುತ್ತದೆ ಅದು. ಅದಕ್ಕೂ ಮುಂಚೆ ಕೆಳಗಿನ ಹಂತಗಳಲ್ಲೇ ಸುತ್ತಿ ಸುತ್ತಿ ಬೇಸತ್ತು ಬಿಟ್ಟವರನ್ನು ನಾನೇ ಕಂಡಿದ್ದೇನೆ.

ಇಲ್ಲಿ ಪ್ರೀಸ್ಕೂಲಿನಲ್ಲಿ ಟೀಚರ್ ಆಗಬೇಕಾದರೆ ಕಡಿಮೆಯೆಂದರೂ ಶಿಶು ಶಿಕ್ಷಣದ 12 ಯೂನಿಟ್ ಓದಿರಬೇಕು. ಜೊತೆಗೆ ಸ್ವಲ್ಪ ಅನುಭವವೂ ಬೇಕು. ಆ ಪಾಠಗಳಲ್ಲಿ ಮಕ್ಕಳನ್ನು ಗಮನಿಸಿ ವರದಿ ಬರೆಯೋದೇ ಅರ್ಧ ಕೆಲಸ. ಬರೀ ಮಾತಾಡೋಕೆ ಬಂದರೆ ಅಲ್ಲಿ ಸಾಲದು. ಕೌನ್ಸೆಲರ್ ಇದನ್ನೆಲ್ಲ ಸಣ್ಣ ಸಣ್ಣ ಚೌಕ ಬರೆದು, ಒಂದರ ಮೇಲೊಂದು ಬಾಣ ಎಳೆದು ತೋರಿಸಿದರು. ತಂಗಿ ಹಾಳೆ ಮೇಲೆ ಬಗ್ಗಿ ನೋಡಿ ನನ್ನ ಕಡೆ ತಿರುಗಿದಳು. "ಅಕ್ಕಾ, ಇದು ನಮ್ಮ ಕಲಿಕಾ ಏಣಿ ಇದ್ದಂಗೆ ಐತಲ್ಲ!"

ನಲಿ-ಕಲಿ ಗೊತ್ತಿರುವವರಿಗೆ ಕಲಿಕಾ ಏಣಿ ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಪಕ್ಕದ ಮಗು ಮುಂದೆ ಹೋಯಿತು ಅಂತ ಇದನ್ನು ಎಳೆಯೋದಿಲ್ಲ. ಒಂದು ವಾರ ಶಾಲೆಗೆ ಬಾರದಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು. ಅಂಥದ್ದನ್ನು ಕಲಿಸಿದವಳಿಗೆ ಪೆನ್ಸಿಲಿನ ಆ ಚೌಕಗಳು ನಮಗಿಂತ ಬೇಗ ಅರ್ಥವಾದವು.

ಯಾವ ಮೆಟ್ಟಿಲಿನಿಂದ ಶುರು ಮಾಡಬೇಕು ಅನ್ನೋದು ಮುಂದಿನ ಪ್ರಶ್ನೆ. ಆ ಕಾಲೇಜಿನಲ್ಲಿ ಈಗ ದೊಡ್ಡ ಪ್ರವೇಶ ಪರೀಕ್ಷೆ ಇಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಹಂತದ ಮಾದರಿ ಪಾಠ, ಮಾದರಿ ಬರಹ ತೋರಿಸುತ್ತಾರೆ. ನೋಡಿ, ನನಗೆ ಇದು ಸರಿ ಅಂತ ನಾವೇ ಆರಿಸಬೇಕು. ಜನರ ಮೇಲೆ ನಂಬಿಕೆ ಇಡುವ ಒಳ್ಳೆಯ ಕ್ರಮ, ಒಪ್ಪುತ್ತೇನೆ. ಆದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ "ನನಗೆ ಬರುತ್ತೆ" ಅನ್ನೋದನ್ನು ಯಾರೂ ಕಲಿಸಿಲ್ಲ ಅಲ್ವಾ? ತಂಗಿ ಎಲ್ಲಕ್ಕಿಂತ ಕೆಳಗಿನದನ್ನು ಒತ್ತಿದಳು. "ಹೆಸರು, ವಿಳಾಸ ಬರೆಯಲು ಕಲಿಯಿರಿ" ಅನ್ನುವ ಹಂತ ಅದು. ಗಂಡ, "ಹಾಂ, ಅದೇ ಸೇಫ್" ಅಂದ.

ಕೌನ್ಸೆಲರ್ ಒಪ್ಪಲಿಲ್ಲ. ಒಂದು ಹಾಳೆ ಕೊಟ್ಟು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗದ ಬಗ್ಗೆ ಬರೆಯಿರಿ, ಅವಸರ ಇಲ್ಲ ಅಂದರು. ನಮ್ಮಿಬ್ಬರನ್ನೂ ಹೊರಗೆ ಕೂರಲು ಹೇಳಿದರು. ಅದು ಬಹಳ ಸರಿಯಾದ ಕೆಲಸ.

ಆಮೇಲೆ ಆ ಹಾಳೆ ನೋಡಿದೆ. ಅರ್ಧ ಪುಟಕ್ಕೂ ಮಿಕ್ಕಿ ಬರೆದಿದ್ದಳು. ಅಕ್ಷರ ಮುತ್ತಿನಂತೆ. ಶಾಲೆಯ ಕೋಣೆ, ಮಳೆಗಾಲದಲ್ಲಿ ಸೋರುವ ಮೂಲೆ, ಆ ಮೂಲೆಯ ಮಕ್ಕಳನ್ನು ತನ್ನ ಮೇಜಿನ ಹತ್ತಿರ ಕರೆದುಕೊಳ್ಳುತ್ತಿದ್ದದ್ದು. ಕ್ರಿಯಾಪದ ಎಲ್ಲೆಲ್ಲೋ ಇದ್ದವು, ಕೆಲವು ಕಡೆ ಇರಲೇ ಇಲ್ಲ. ಆದರೆ ಏನು ಮೊದಲು, ಏನು ಆಮೇಲೆ ಅನ್ನೋದು ಒಂದಿಷ್ಟೂ ತಪ್ಪಿರಲಿಲ್ಲ. ಓದಿದರೆ ಆ ಕೋಣೆ ಕಣ್ಣಿಗೆ ಕಟ್ಟುತ್ತಿತ್ತು. ಕೌನ್ಸೆಲರ್ ಅವಳನ್ನು ನಡುವಿನ ಹಂತದ ಓದು-ಬರಹದ ಕ್ರೆಡಿಟ್ ಕ್ಲಾಸಿಗೆ ಬರೆದುಕೊಂಡರು.

ಕನ್ನಡದಲ್ಲಿ ಚೆನ್ನಾಗಿ ಬರೆಯಲು ಕಲಿತವರು ಇನ್ನೊಂದು ಭಾಷೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ನಾವು ಇಂಗ್ಲಿಷನ್ನು ಅಳೆಯುವುದು ಮಾತಿನ ವೇಗದಲ್ಲಿ. ಫೋನಿನಲ್ಲಿ ಪಟಪಟ ಅಂದರೆ ಬುದ್ಧಿವಂತ, ತಡವರಿಸಿದರೆ ದಡ್ಡ. ಬೆಂಗಳೂರಿನಲ್ಲೂ ಅದೇ, ಇಲ್ಲೂ ಅದೇ. ಹೀಗೆ ಅಳೆದು ಎಷ್ಟು ಜನ ಒಳ್ಳೆಯ ಟೀಚರುಗಳನ್ನು, ನರ್ಸುಗಳನ್ನು ಮನೆಯೊಳಗೆ ಕೂರಿಸಿದ್ದೇವೋ. 2015ಕ್ಕೆ ಮುಂಚೆ ಎಚ್-4ನವರಿಗೆ ಕೆಲಸದ ಪರವಾನಗಿಯೇ ಇರಲಿಲ್ಲ. ಆಗ ಕಾನೂನನ್ನು ದೂರುತ್ತಿದ್ದೆವು. ಈಗ ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿದ್ದರೆ ಹೆಂಡತಿ ಇಎಡಿಗೆ, ಅಂದರೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ತಂಗಿಯ ಗಂಡನದು ಮಂಜೂರಾಗಿದೆ. ಓದುವುದಕ್ಕಂತೂ ಆ ವೀಸಾದಲ್ಲಿ ಬೇರೆ ಅನುಮತಿಯೇ ಬೇಡ.

ಅವತ್ತು ಕಾಲೇಜಿನಿಂದ ವಾಪಸ್ ಬರುವಾಗ ಕಾರಿನಲ್ಲಿ ತಂಗಿಯ ಗಂಡ, "ಅಕ್ಕಾ, ಪುಕ್ಕಟೆ ಕ್ಲಾಸ್ ಇದ್ದಾಗ ಸುಮ್ನೆ ದುಡ್ಡು ಯಾಕೆ?" ಅಂದ. ಐದು ಯೂನಿಟ್‌ಗೆ 230 ಡಾಲರ್. ನಾನು ಮಾತಾಡುವ ಮೊದಲೇ ಹಿಂದಿನ ಸೀಟಿನಿಂದ ತಂಗಿ, "ನನ್ ಬಳೆ ದುಡ್ಡು ಐತಲ್ರೀ, ಅದ್ರಲ್ಲಿ ಕಟ್ತೀನಿ" ಅಂದಳು. ಅವನು ಸ್ವಲ್ಪ ದೂರ ಸುಮ್ಮನೆ ಓಡಿಸಿದ. ಆಮೇಲೆ, "ಬೇಡ ಬೇಡ, ನಾನೇ ಕಟ್ತೀನಿ. ನೀನು ಟೀಚರ್ ಆಗ್ಬೇಕು ಅಂತ ನಂಗೆ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದ. ಅವಳು, "ನೀವು ಕೇಳ್ಲಿಲ್ಲ" ಅಂದಳು. ಆ ದನಿಯಲ್ಲಿ ಜಗಳ ಇರಲಿಲ್ಲ. ಅವನಿಗೆ ನಾಟಿದ್ದು ಮಾತ್ರ ಮುಖದಲ್ಲಿ ಕಾಣುತ್ತಿತ್ತು.

ಬುಧವಾರ ರಾತ್ರಿ ಹೆಸರು ನೋಂದಾಯಿಸಲು ಹೋದರೆ ಬೆಳಗಿನ ಕ್ಲಾಸು ಭರ್ತಿಯಾಗಿತ್ತು. ವೇಟ್‌ಲಿಸ್ಟಿನಲ್ಲಿ ಮೂರನೆಯವಳು. ಸಂಜೆಯದರಲ್ಲಿ ಜಾಗ ಇದೆ, ಆದರೆ ಮಗನನ್ನು ಯಾರು ನೋಡಿಕೊಳ್ಳೋದು ಅನ್ನುವ ಚರ್ಚೆ. ಗಂಡ ಸಂಜೆಯ ಮೀಟಿಂಗ್‌ಗಳನ್ನು ಬದಲಾಯಿಸಲು ಆಗುತ್ತಾ ನೋಡುತ್ತಿದ್ದಾನೆ. ವೇಟ್‌ಲಿಸ್ಟಿನವರು ಮೊದಲ ದಿನ ಬಂದರೆ, ಜಾಗ ಉಳಿದಿದ್ದರೆ ಟೀಚರ್ ಆಡ್ ಕೋಡ್, ಅಂದರೆ ಕ್ಲಾಸಿಗೆ ಸೇರಿಕೊಳ್ಳುವ ಸಂಖ್ಯೆ ಕೊಡುತ್ತಾರೆ. ಹಾಗಾಗಿ ಮುಂಚೆಯೇ ಒಂದು ಈಮೇಲ್ ಹಾಕು ಅಂತ ಹೇಳಿದೆ. ಅವಳೇ ಕೂತು ಬರೆದಳು. ಕಳಿಸುವ ಮುಂಚೆ ನನಗೆ ತೋರಿಸಿದಳು. ಎರಡು ಕಡೆ ತಿದ್ದಲಾ ಅಂತ ಕೇಳಿದೆ.

"ಬ್ಯಾಡ ಅಕ್ಕಾ. ನಾನು ಎಲ್ಲಿದೀನಿ ಅಂತ ಅವ್ರಿಗೆ ಗೊತ್ತಾಗ್ಬೇಕಲ್ಲ" ಅಂತ ಹಾಗೇ ಕಳಿಸಿದಳು.

ಉತ್ತರ ಇನ್ನೂ ಬಂದಿಲ್ಲ. ಸೋಮವಾರ ಕ್ಲಾಸು ಶುರು. ಬೇಗ ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಾಳಂತೆ.