ಕ್ಯಾನ್ಸರ್ ಚಿಕಿತ್ಸೆ ಮುಗೀತಲ್ಲ, ಇನ್ನೂ ಕೌನ್ಸೆಲಿಂಗ್ ಯಾಕೆ?

"ರಿಪೋರ್ಟ್ ಎಲ್ಲ ಕ್ಲಿಯರ್ ಅಂತೆ. ಇನ್ನೂ ಯಾಕೆ ಕೌನ್ಸೆಲಿಂಗಿಗೆ ಹೋಗ್ತೀರಿ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನಗೆ ಹೆದರಿಕೆ ಶುರುವಾಗಿದ್ದೇ ಎಲ್ಲ ಮುಗಿದ ಮೇಲೆ. ಕೀಮೋ ನಡೆಯುವಾಗ ಹೆದರಲು ಪುರುಸೊತ್ತೆಲ್ಲಿತ್ತು? ಇವತ್ತು ರಕ್ತ ಪರೀಕ್ಷೆ, ನಾಳೆ ಡ್ರಿಪ್, ನಾಡಿದ್ದು ವಾಂತಿ. ಮುಗಿದ ಮೇಲೆ ಕೈ ಸುಮ್ನೆ ಕುತ್ತಿಗೆಗೆ ಹೋಗತೊಡಗಿತು. ಮೊದಲ ಗಂಟು ಸಿಕ್ಕಿದ್ದು ಅಲ್ಲೇ. ಒತ್ತಿ ಒತ್ತಿ ನೋವು ಬರುತ್ತಿತ್ತು. ನೋವಿದೆಯಲ್ಲ ಅಂತ ಮತ್ತೆ ಒತ್ತುತ್ತಿದ್ದೆ.

ಒಂದು ಫಾಲೋ-ಅಪ್ ದಿನ ನರ್ಸ್ ಒಂದು ಹಾಳೆ ಕೊಟ್ಟರು. ಅದರಲ್ಲಿ ಥರ್ಮಾಮೀಟರ್ ಚಿತ್ರ, ಸೊನ್ನೆಯಿಂದ ಹತ್ತರವರೆಗೆ ಅಂಕಿ. ಜ್ವರಕ್ಕಲ್ಲ, ಮನಸ್ಸಿನ ಸಂಕಟ ಅಳೆಯೋಕೆ. ನಾಲ್ಕು ಅಥವಾ ಜಾಸ್ತಿ ಇದ್ದರೆ ಕೂರಿಸಿ ವಿಚಾರಿಸುತ್ತಾರೆ ಅಂತ ಮೊದಲೇ ಓದಿಕೊಂಡಿದ್ದೆ. ಜಾಣ ನಾನು, ಮೂರಕ್ಕೆ ಸುತ್ತು ಹಾಕಿದೆ. ನರ್ಸ್ ಹಾಳೆಯನ್ನು ಬೆಳಕಿಗೆ ಹಿಡಿದು, "ಎಷ್ಟು ಸಲ ಅಳಿಸಿದ್ದೀರಿ? ತೂತಾಗಿದೆ" ಅಂದರು. ಹಾಗೆ ಸಿಕ್ಕಿಬಿದ್ದೆ.

ಕೌನ್ಸೆಲರ್ ಧೈರ್ಯ ಗೀರ್ಯ ಏನೂ ಹೇಳಲಿಲ್ಲ. ದಿನಕ್ಕೆ ಎಷ್ಟು ಸಲ ಕತ್ತು ಮುಟ್ಟುತ್ತೀರಿ, ಬರೆದಿಟ್ಟುಕೊಂಡು ಬನ್ನಿ ಅಂದರು. ಮೂವತ್ತೊಂದು ಸಲ! ಆಮೇಲಿನ ಪಾಠ ಇಷ್ಟೇ: ಮುಟ್ಟಬೇಕು ಅನಿಸಿದಾಗ ಹತ್ತು ನಿಮಿಷ ತಡೆಯಿರಿ. ಆ ಹತ್ತು ನಿಮಿಷ ಎಷ್ಟು ಉದ್ದ ಅಂತ ನಿಮಗೆ ಗೊತ್ತಿಲ್ಲ, ಬಿಡಿ.

"ಪಾಸಿಟಿವ್ ಆಗಿದ್ದರೆ ಸಾಕಪ್ಪ" ಅನ್ನುವವರನ್ನು ಕಂಡರಂತೂ ಮೈ ಉರಿಯುತ್ತೆ. ನಾಳೆ ಕಾಯಿಲೆ ತಿರುಗಿ ಬಂದರೆ ನಾನು ಅತ್ತಿದ್ದೇ ತಪ್ಪು ಅಂತಲಾ? ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಗೇ ಜೀವನ ಕೊಟ್ಟ ಅಮೆರಿಕದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಇದನ್ನು ಪಾಸಿಟಿವ್ ಯೋಚನೆಯ ದಬ್ಬಾಳಿಕೆ ಅಂತಲೇ ಕರೆದರು.

"ಕೌನ್ಸೆಲಿಂಗಿನಿಂದ ಆಯಸ್ಸು ಜಾಸ್ತಿ ಆಗುತ್ತಾ?" ಇದು ಇನ್ನೊಂದು ಪ್ರಶ್ನೆ. ಸ್ತನ ಕ್ಯಾನ್ಸರ್ ಹರಡಿದ್ದ ಹೆಂಗಸರು ಗುಂಪಾಗಿ ಕೂತು ಮಾತಾಡಿದ್ದರಿಂದ ಹೆಚ್ಚು ಕಾಲ ಬದುಕಿದರು ಅಂತ 1989ರಲ್ಲಿ ಒಂದು ಅಧ್ಯಯನ ಬಂತು. 2001ರ ಇನ್ನೂ ದೊಡ್ಡ ಅಧ್ಯಯನದಲ್ಲಿ ಆಯಸ್ಸೇನೂ ಹೆಚ್ಚಲಿಲ್ಲ. ಆದರೆ ಸಂಕಟ ಇಳಿಯಿತು, ನೋವೂ ಅಷ್ಟು ಕಾಡಲಿಲ್ಲ. ನೋವಿನ ಮಾತ್ರೆ ನುಂಗುವಾಗ ಆಯಸ್ಸಿನ ಲೆಕ್ಕ ಯಾರೂ ಕೇಳಲ್ಲ, ಅಲ್ವಾ?

ಕೇಳಲೇಬೇಕು ಅಂತಿದ್ದರೆ "ಮುಂದಿನ ಸ್ಕ್ಯಾನ್ ಯಾವತ್ತು?" ಅಂತ ಕೇಳಿ. ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ.

ಗುರುವಾರ. ಬೆಳಿಗ್ಗೆ ಏನೂ ತಿನ್ನದೆ ಹೋಗಬೇಕು. ನಿನ್ನೆ ಕತ್ತು ಮುಟ್ಟಿದ್ದು ಆರು ಸಲ, ಇವತ್ತು ಆಗಲೇ ಒಂಬತ್ತು. ಜೊತೆಗೆ ಬರುವುದಾದರೆ ಬನ್ನಿ. ಮಾತು ಬೇಡ, ಪಕ್ಕದಲ್ಲಿ ಕೂತರೆ ಸಾಕು.