ರಸಮೇವು, ಮೂರನೇ ಸುತ್ತು: ಅಲಸಂದೆ ಸೇರಿಸಿದ್ದರ ಕಥೆ

ನಿನ್ನೆ ರಸಮೇವಿನ (ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿ ಕಾಪಿಡುವ ಸೈಲೇಜ್) ಮೂರೂ ಡ್ರಮ್ಮು ತೆರೆದೆ. ಎರಡು ಗೆದ್ದವು, ಒಂದು ಸೀದಾ ಗೊಬ್ಬರದ ಗುಂಡಿಗೆ ಹೋಯಿತು.

ಹೊಸದಾಗಿ ಓದುವವರಿಗೆ ಎರಡು ಮಾತು. ತೀರ್ಥಹಳ್ಳಿ ಕಡೆ ನಮ್ಮದು ಸಣ್ಣ ಅಡಿಕೆ ತೋಟ. ಕೊಟ್ಟಿಗೆಯಲ್ಲಿ ಒಂದು ಜೆರ್ಸಿ ಕ್ರಾಸ್, ಎರಡು ಮಲೆನಾಡು ಗಿಡ್ಡ. ಮಳೆಗಾಲದಲ್ಲಿ ಹುಲ್ಲು ಕೊಯ್ದಷ್ಟೂ ಬರುತ್ತೆ, ಮಾರ್ಚ್ ಬಂತೆಂದರೆ ಒಣಹುಲ್ಲೇ ಗತಿ. ಅದಕ್ಕೇ 200 ಲೀಟರಿನ ಡ್ರಮ್ಮುಗಳಲ್ಲಿ ರಸಮೇವು ಮಾಡುವ ಹುಚ್ಚು ಹತ್ತಿದ್ದು. ಹಿಂದಿನ ಎರಡು ಸುತ್ತು ಬರೀ ಸಿಒ-4 ತಳಿಯ ನೇಪಿಯರ್ ಹುಲ್ಲು. ಚೆನ್ನಾಗೇ ಬಂದಿತ್ತು, ಆದರೆ ಹಿಂಡಿ ಖರ್ಚೇನೂ ಇಳಿಯಲಿಲ್ಲ.

ಈ ಸಲ ಅಲಸಂದೆ ಸೇರಿಸಿದೆ. ಲೆಕ್ಕ ಸುಲಭ: 45 ದಿನದ ನೇಪಿಯರ್‌ನಲ್ಲಿ ಒಣ ತೂಕದ ಮೇಲೆ ಪ್ರೋಟೀನ್ ಶೇ. 8ರಿಂದ 10, ಹೂವು ಬಿಡುವ ಹೊತ್ತಿನ ಅಲಸಂದೆಯಲ್ಲಿ ಅದರ ಸುಮಾರು ಎರಡರಷ್ಟು. ಎಪ್ಪತ್ತಕ್ಕೆ ಮೂವತ್ತು ಬೆರೆಸಿದರೆ 12ರ ಹತ್ತಿರ ಬರಬೇಕು. ಹಾಗಾದರೆ ಅರ್ಧಕ್ಕರ್ಧ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಆಸೆ ಆಯಿತು. ಒಂದರಲ್ಲಿ ಬರೀ ನೇಪಿಯರ್, ಎರಡನೆಯದರಲ್ಲಿ 70:30, ಮೂರನೆಯದರಲ್ಲಿ 50:50.

ಆಸೆ ಎಡವಿದ್ದು ಇಲ್ಲೇ. ರಸಮೇವು ಕೆಡದೆ ಉಳಿಯುವುದು ಲ್ಯಾಕ್ಟಿಕ್ ಆಮ್ಲದಿಂದ, ಮೊಸರಿನಲ್ಲಿ ಇರುವುದೂ ಅದೇ. ಬ್ಯಾಕ್ಟೀರಿಯಾ ಆ ಆಮ್ಲ ಮಾಡಬೇಕಾದರೆ ಹುಲ್ಲಿನಲ್ಲಿ ಸಕ್ಕರೆ ಇರಬೇಕು. ನೇಪಿಯರ್‌ನಲ್ಲಿ ಮುಸುಕಿನ ಜೋಳದಷ್ಟು ಸಕ್ಕರೆ ಇಲ್ಲ, ಅಲಸಂದೆಯಲ್ಲಿ ಇನ್ನೂ ಕಡಿಮೆ. ಸಾಲದ್ದಕ್ಕೆ ದ್ವಿದಳದ ಸೊಪ್ಪಿಗೆ ಹುಟ್ಟಿದ ಆಮ್ಲವನ್ನು ನುಂಗಿಕೊಳ್ಳುವ ಗುಣ ಬೇರೆ, ಹಾಗಾಗಿ ಹುಳಿ ಏರುವುದು ನಿಧಾನ, ಅಷ್ಟರಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಒಳಗೆ ಸಂಸಾರ ಹೂಡಿರುತ್ತವೆ. ಹುಲ್ಲು ಹಸಿ ಇದ್ದಷ್ಟೂ ಅವಕ್ಕೆ ಹಬ್ಬ.

ಹುಲ್ಲು ಬಾಡಿಸುವುದೇ ನಮ್ಮೂರಲ್ಲಿ ದೊಡ್ಡ ತಲೆನೋವು. ಅಕ್ಟೋಬರ್ ಮೊದಲ ವಾರ ಕೊಯ್ದೆ. ನೀರಿನಂಶ ಎಷ್ಟಿದೆ ನೋಡಲು ನೂರು ಗ್ರಾಂ ಹುಲ್ಲು ಹೆಚ್ಚಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಹುರಿದು ತೂಗಿದೆ. (ಆ ಬಾಣಲೆ ಇನ್ನು ಅಡಿಗೆಮನೆಗೆ ಬರಕೂಡದು ಅಂತ ಅಮ್ಮನ ಆಜ್ಞೆ ಆಗಿದೆ.) ಉಳಿದದ್ದು 17 ಗ್ರಾಂ. ಬೇಕಾದ್ದು 30ರ ಆಸುಪಾಸು. ಅಂಗಳದಲ್ಲಿ ಒಂದೂವರೆ ದಿನ ಹರವಿ, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಹರವಿದ ಮೇಲೆ 28 ಗ್ರಾಂ ಬಂತು. ಮೊದಲ ಎರಡು ಡ್ರಮ್ಮು ಅವತ್ತೇ ತುಂಬಿದೆ. ಎರಡು ಸೆಂಟಿಮೀಟರ್ ತುಂಡು, ನೂರು ಕೆಜಿಗೆ ಎರಡು ಕೆಜಿ ಹಳೇ ಜೋನಿ ಬೆಲ್ಲ ನೀರಲ್ಲಿ ಕದಡಿ ಚಿಮುಕಿಸಿ, ಗೇಣುದ್ದ ಹಾಕಿದ ಹಾಗೆಲ್ಲ ಒಳಗೆ ಇಳಿದು ತುಳಿದದ್ದು. ಕಾಕಂಬಿ ಅಗ್ಗ, ಆದರೆ ಅಟ್ಟದಲ್ಲಿ ಹುಳಿ ಬಂದ ಜೋನಿ ಬೆಲ್ಲ ಸುಮ್ನೆ ಕೂತಿತ್ತು.

ಮೂರನೇ ಡ್ರಮ್ಮಿನ ಹೊತ್ತಿಗೆ ಮೋಡ ಕವಿಯಿತು. ಮಾರನೇ ದಿನ ಅಡಿಕೆ ಒಣಗಿಸಲು ಅಂಗಳ ಬೇಕು, ನಿನ್ನ ಹುಲ್ಲು ತೆಗಿ ಅಂತ ಅಪ್ಪಯ್ಯನ ಗಲಾಟೆ. ಅಲಸಂದೆ ಇನ್ನೂ ಹಸಿ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು. ಆದರೂ ತುಂಬಿದೆ.

ಐವತ್ತು ದಿನದ ಮೇಲೆ ನೋಡಿದ್ದು ಹೀಗಿದೆ. ಬರೀ ನೇಪಿಯರ್: ಹಳದಿ ಹಸಿರು, ಹುಳಿ ಅಳೆಯುವ ಪಿಎಚ್ ಪಟ್ಟಿ 4 ತೋರಿಸಿತು (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). 70:30: ಬಣ್ಣ ಸ್ವಲ್ಪ ಗಾಢ, ಉಪ್ಪಿನಕಾಯಿ ಹುಳಿಯ ವಾಸನೆ, ಪಟ್ಟಿ 4ಕ್ಕೂ 5ಕ್ಕೂ ನಡುವೆ. ಅಲಸಂದೆ ಎಲೆ ಎಲೆಯಾಗೇ ಉಳಿದಿತ್ತು. 50:50 ಮುಚ್ಚಳ ತೆಗೆದರೆ ಕಮಟು ಬೆಣ್ಣೆಯ ನಾತ, ಮೂತ್ರದ ಘಾಟು, ಎಲೆ ಕೈಗೆ ಅಂಟುವ ಲೋಳೆ, ತಳದಲ್ಲಿ ಕಪ್ಪು ರಸ. ಆ ವಾಸನೆ ಬ್ಯುಟಿರಿಕ್ ಆಮ್ಲದ್ದು, ಅದಕ್ಕೆ ಹೆಸರು ಬಂದದ್ದೇ ಬೆಣ್ಣೆಯಿಂದ. ಘಾಟು ಅಮೋನಿಯಾದ್ದು, ಅಂದರೆ ನಾನು ಆಸೆಪಟ್ಟು ಹಾಕಿದ ಪ್ರೋಟೀನೇ ಒಡೆದು ಹೋದದ್ದು. ಗಬ್ಬದ ದನಕ್ಕೆ ಇಂಥದ್ದು ಹಾಕುವ ಧೈರ್ಯ ನನಗಿಲ್ಲ.

ತಪ್ಪು ಅರ್ಧಪಾಲು ಅಲಸಂದೆಯದ್ದೋ, ಹಸಿಯದ್ದೋ? ಎರಡೂ ಒಂದೇ ಡ್ರಮ್ಮಲ್ಲಿ ಕೂಡಿದ್ದರಿಂದ ಹೇಳಲಾಗದು, ಪ್ರಯೋಗ ಮಾಡಿದ್ದೇ ಸರಿ ಇಲ್ಲ. ಜಾಸ್ತಿ ಅನುಮಾನ ನನಗೆ ಹಸಿಯ ಮೇಲೆ. ಇನ್ನೊಂದು ಪೆದ್ದುತನ, ನೋಡುವ ಆತುರಕ್ಕೆ ಮೂರನ್ನೂ ಒಂದೇ ದಿನ ತೆರೆದದ್ದು. ಬರೀ ನೇಪಿಯರ್ ಡ್ರಮ್ಮಿನ ಮುಚ್ಚಳ ಮತ್ತೆ ಬಿಗಿದಿದ್ದೇನೆ, ಆದರೆ ಒಳಗೆ ಹೋದ ಗಾಳಿ ಹೋಯಿತು. ಮೇಲಿನ ಪದರಕ್ಕೆ ಬೂಷ್ಟು ಬಂದರೆ ಆಶ್ಚರ್ಯವಿಲ್ಲ.

70:30ರಲ್ಲಿ ಇವತ್ತು ಜೆರ್ಸಿಗೆ ಐದು ಕೆಜಿ ಹಾಕಿದೆ, ಕರೆದಾದ ಮೇಲೆ, ಇಲ್ಲದಿದ್ದರೆ ಹಾಲಿಗೆ ವಾಸನೆ ಹತ್ತುತ್ತೆ. ಬಾನಿ ನೆಕ್ಕಿ ಖಾಲಿ ಮಾಡಿತು. ಗಿಡ್ಡಗಳಲ್ಲಿ ಒಂದು ತಿಂದಿತು, ಇನ್ನೊಂದು ಮೂಸಿ ನೋಡಿ ಒಣಹುಲ್ಲಿನ ಕಡೆಗೇ ತಿರುಗಿತು. ಹದಿನೈದು ದಿನ ಹಿಂಡಿ ಅರ್ಧ ಕೆಜಿ ಇಳಿಸಿ ಹಾಲು ಅಳೆಯುತ್ತೇನೆ. ಡಿಸೆಂಬರ್ ಬಿಸಿಲಲ್ಲಿ 50:50 ಇನ್ನೊಮ್ಮೆ, ಈ ಸಲ ಬಾಡಿಸಿ, ಅಂಗಳದ ತಂಟೆಗೆ ಹೋಗದೆ ಗದ್ದೆಯಲ್ಲೇ.