ಒಬ್ಬನೇ ಮೂಲಪುರುಷ, ಎರಡು ಮನೆತನದ ಹೆಸರು

ಇವತ್ತು ಕೆನಡಾದ ಕ್ವಿಬೆಕ್‌ನ ಹಳೇ ಚರ್ಚ್ ದಾಖಲೆಯಲ್ಲಿ ಕಣ್ಣು ನಿಂತಿದ್ದು ‘ದಿ’ (dit) ಅನ್ನೋ ಪುಟ್ಟ ಫ್ರೆಂಚ್ ಪದದ ಮೇಲೆ.

ರುವಾ ದಿ ದೆಜಾರ್ದ್ಯಾಂ. ಅಂದ್ರೆ ರುವಾ ಉರುಫ್ ದೆಜಾರ್ದ್ಯಾಂ. 1665ರಲ್ಲಿ ಫ್ರಾನ್ಸಿನಿಂದ ಬಂದಿಳಿದ ಸಿಪಾಯಿ. ಮುಂದೆ ಅವನ ವಂಶದಲ್ಲಿ ಕೆಲವರು ರುವಾ ಆದ್ರು, ಕೆಲವರು ದೆಜಾರ್ದ್ಯಾಂ. (1900ರಲ್ಲಿ ಕ್ವಿಬೆಕ್‌ನ ಲೆವಿ ಊರಲ್ಲಿ ಸಹಕಾರಿ ಬ್ಯಾಂಕ್ ಕಟ್ಟಿದ ಅಲ್ಫೋನ್ಸ್ ದೆಜಾರ್ದ್ಯಾಂ ಈ ವಂಶದವನೇ.) ಒಂದೇ ಹೆಸರು ಹಿಡಿದು ಹೊರಟವರ ವಂಶವೃಕ್ಷ ಅರ್ಧಕ್ಕೇ ಒಣಗೋದು ಇದಕ್ಕೇ.

ಮದುವೆ ದಾಖಲೆಯಿಂದ ಮದುವೆ ದಾಖಲೆಗೆ ಹಿಂದೆ ಹಿಂದೆ ಹೋಗಿ. ಮೊದಲ ಮದುವೆಯದ್ದೇ ಆಗ್ಬೇಕು. ಅದರಲ್ಲಿ ಎರಡೂ ಕಡೆಯ ಅಪ್ಪ-ಅಮ್ಮ, ಎಷ್ಟೋ ಸಲ ಫ್ರಾನ್ಸಿನ ಊರೂ ಸಿಗುತ್ತೆ. ಎರಡನೇ ಮದುವೆಯದ್ದಾದ್ರೆ ಸಾಮಾನ್ಯವಾಗಿ ತೀರಿಕೊಂಡ ಗಂಡನ ಅಥವಾ ಹೆಂಡತಿಯ ಹೆಸರಷ್ಟೇ.

ಹೆಂಗಸರನ್ನ ಹುಡುಕೋದು ಸಲೀಸು. ಮದುವೆಯಾದ್ಮೇಲೂ ತವರಿನ ಹೆಸರಲ್ಲೇ ಬರೆದಿದ್ದಾರೆ ಪಾದ್ರಿಗಳು, ಪುಣ್ಯಾತ್ಮರು!